ಮಧುಮೇಹಿಯ ಏಕಾದಶಿ

ಏಕಾದಶಿಯ ಉಪವಾಸವು ನಿತ್ಯವ್ರತವೆಂಬುದರಲ್ಲಿ ನಮ್ಮ ಸಂಪ್ರದಾಯದವರಿಗೆ ಸಂಶಯವಿಲ್ಲ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಅದರ ಮಹಿಮೆಯನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಎಂಟು ವರ್ಷ ದಾಟಿದವನಿಂದ ಎಂಬತ್ತು ತುಂಬದವನವರೆಗೆ ಎಲ್ಲರಿಗೂ ಅದು ವಿಹಿತವೆಂದು ಸ್ಮೃತಿವಚನ. ಹೀಗಿರುವಲ್ಲಿ, 70 ವರ್ಷದ ಮಧುಮೇಹಿಯಾದ ತಾಯಿಯೊಬ್ಬರು ಎಂದಿನ ಮಾತ್ರೆಯನ್ನು ನುಂಗಿ, ಬಳಿಕ ನೀರನ್ನೂ ಮುಟ್ಟದೆ ದಿನವಿಡೀ ಇರುವುದು ಧರ್ಮವೋ ಅಲ್ಲವೋ? ಮುಂಬಯಿ, ಪುಣೆ, ಚೆನ್ನೈಗಳ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಪಕ್ಷಕ್ಕೊಮ್ಮೆ ಏಳುತ್ತದೆ. ಅತ್ತೆಯವರು ಹಟದಿಂದ, ಸೊಸೆಯು ಗಾಬರಿಯಿಂದ, ಮಗನು ಮೌನದಿಂದ ಅದಕ್ಕೆ ಉತ್ತರ ಕೊಟ್ಟು ಮುಗಿಸುತ್ತಾರೆ.

ಮೊದಲು ಶರೀರದ ವಿಚಾರ. ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಅದನ್ನು ಜೀವಕೋಶಗಳೊಳಕ್ಕೆ ಬಿಡಿಸುತ್ತದೆ. ಒಂದು ಭಾಗವನ್ನು ಯಕೃತ್ತು ಕೂಡಿಡುತ್ತದೆ. ಉಪವಾಸದಲ್ಲಿ ಯಕೃತ್ತು ಈ ಉಗ್ರಾಣವನ್ನು ತೆರೆದು ಮಿದುಳಿಗೆ ಸಕ್ಕರೆಯನ್ನು ಒದಗಿಸುತ್ತದೆ. ಸುಮಾರು ಒಂದು ದಿನದಲ್ಲಿ ಉಗ್ರಾಣವು ಬರಿದಾಗುತ್ತ ಬರಲು, ಕೊಬ್ಬು ಕರಗತೊಡಗುತ್ತದೆ, ಯಕೃತ್ತು ತಾನೇ ಹೊಸದಾಗಿ ಸಕ್ಕರೆಯನ್ನು ತಯಾರಿಸುತ್ತದೆ. ಆರೋಗ್ಯವಂತನಲ್ಲಿ ಈ ಹೊತ್ತಿಗೆ ಇನ್ಸುಲಿನ್ ತಾನಾಗಿಯೇ ತಗ್ಗಿರುವುದರಿಂದ, ಉಪವಾಸವು ಆಯಾಸವನ್ನು ಕೊಟ್ಟೀತೇ ಹೊರತು ಸಾಮಾನ್ಯವಾಗಿ ಅಪಾಯವನ್ನಲ್ಲ.

ಮಧುಮೇಹಿಯ ಸ್ಥಿತಿ ಬೇರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ನೋಡದೆ ಇನ್ಸುಲಿನ್ನನ್ನು ಹೊರಡಿಸುತ್ತವೆ. ಚುಚ್ಚಿಕೊಂಡ ಇನ್ಸುಲಿನ್ನಂತೂ ಹಿಂದಕ್ಕೆ ಬಾರದು. ರಕ್ತದ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ. ಇನ್ನೂ ಇಳಿದರೆ ಬುದ್ಧಿಭ್ರಮೆ, ಮೂರ್ಛೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಈ ಭಯ ಕಡಿಮೆ. ಹಾಗೆಂದು ವೈದ್ಯರನ್ನು ಕೇಳದೆ ಔಷಧವನ್ನೆಲ್ಲ ನಿಲ್ಲಿಸುವುದೂ ಸಲ್ಲದು. ಬಾಲ್ಯದಿಂದ ಇನ್ಸುಲಿನ್ನನ್ನೇ ನಂಬಿರುವವರು ಅದನ್ನು ಪೂರ್ತಿಯಾಗಿ ಬಿಟ್ಟರೆ ರಕ್ತದಲ್ಲಿ ಆಮ್ಲವೇರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ವೈದ್ಯರನ್ನು ಕೇಳಿದ್ದೇವೆ ಎನ್ನುವವರೂ ಉಂಟು. ಆದರೆ ಏನೆಂದು ಕೇಳಿದರು? ಮುಂಬಯಿಯ ವೈದ್ಯರಿಗೆ ಉಪವಾಸವೆಂದರೆ ಸಾಬುದಾಣೆಯ ಖಿಚಡಿ, ಆಲೂಗಡ್ಡೆ. (ಸಾಬುದಾಣೆಯು ಬಹುಪಾಲು ಪಿಷ್ಟವೇ, ಮಧುಮೇಹಿಗೆ ಅದೂ ಹಿತವಲ್ಲ.) ನಮ್ಮ ಉಪವಾಸವು ದಶಮಿಯ ಮಧ್ಯಾಹ್ನದ ಒಂದೇ ಊಟದಿಂದ ದ್ವಾದಶಿಯ ಬೆಳಗಿನ ಪಾರಣೆಯವರೆಗಿನದು, 12 ಗಂಟೆಗೆ ಉಂಡವರು ಮರುದಿನವನ್ನು ಕಳೆದು ಮೂರನೆಯ ದಿನ 6 ಗಂಟೆಗೆ ಪಾರಣೆ ಮಾಡಿದರೆ 42 ಗಂಟೆಗಳಾದವು. ಅದೂ ನಿರ್ಜಲ. ಮರುದಿನವೇ ಶ್ರವಣೋಪವಾಸ ಬಂದರೆ ಕೇಳುವುದೇ ಬೇಡ. ಇದನ್ನು ಬಾಯಿಬಿಟ್ಟು ತಿಳಿಸದೆ ಪಡೆದ ಅನುಮತಿಯು ಅನುಮತಿಯೇ ಅಲ್ಲ.

ಇನ್ನು ಶಾಸ್ತ್ರ. ದೇಹವನ್ನೂ ಅದರೊಳಗಿರುವ ತನ್ನನ್ನೂ ಪೀಡಿಸುವವರನ್ನು ಭಗವಂತನು ಗೀತೆಯ 17ನೆಯ ಅಧ್ಯಾಯದಲ್ಲಿ ಆಸುರನಿಶ್ಚಯದವರೆಂದು ನಿಂದಿಸಿದ್ದಾನೆ. ಏಕಾದಶಿಯನ್ನೇ ಹಳಿಯಲು ಕೆಲವರು ಈ ಮಾತನ್ನು ಎತ್ತುತ್ತಾರೆ. ಅದು ಸರಿಯಲ್ಲ, ಅಲ್ಲಿ ನಿಂದಿತವಾದದ್ದು ಶಾಸ್ತ್ರವು ವಿಧಿಸದ ತಪಸ್ಸು, ಏಕಾದಶಿಯಾದರೋ ಶಾಸ್ತ್ರವಿಹಿತ. ಆದರೆ ಮಹಾಭಾರತದ ಉದ್ಯೋಗಪರ್ವವು ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ನೀರು, ಗೆಡ್ಡೆಗೆಣಸು, ಹಣ್ಣು, ಹಾಲುಗಳ ಜೊತೆಗೆ ಗುರುವಚನವನ್ನೂ ಔಷಧವನ್ನೂ ಸೇರಿಸಿದೆ. ಶಕ್ತರು ಇದನ್ನು ನೆಪಮಾಡಿಕೊಳ್ಳಬಾರದು. ಅಶಕ್ತರಿಗಾಗಿಯೇ ಈ ಅನುಕಲ್ಪ. ಶಾಸ್ತ್ರವು ಕರುಣೆಯಿಂದ ತೆರೆದಿಟ್ಟ ದ್ವಾರವನ್ನು ಮುಚ್ಚಿ, ಅದು ತನಗೆ ವಿಧಿಸದ ಕ್ಲೇಶವನ್ನು ತಾನೇ ವಿಧಿಸಿಕೊಳ್ಳುವ ರೋಗಿಯ ತಪಸ್ಸು ಯಾವ ಪಕ್ಷಕ್ಕೆ ಸೇರಿತು?

ನಮ್ಮವರಿಗೆ ಇನ್ನೊಂದು ತೊಡಕೂ ಇದೆ. ಪ್ರತ್ಯಕ್ಷದ ಸ್ವವಿಷಯದಲ್ಲಿ ಆಗಮವು ಅದನ್ನು ಬಾಧಿಸದೆಂಬ ನ್ಯಾಯದಿಂದ ನಾವು ಜಗತ್ತಿನ ಸತ್ಯತ್ವವನ್ನು ಸಾಧಿಸುತ್ತೇವೆ. ಪರೀಕ್ಷಾಯಂತ್ರವು 58 ಎಂದು ತೋರಿಸುತ್ತಿರುವಾಗ, ಕೈಯೂ ನಡುಗುತ್ತಿರುವಾಗ, ಹರಿದಿನದಲ್ಲಿ ಅದೇನೂ ಮಾಡದೆಂದು ನಾವೇ ಹೇಳಿದರೆ ಸಿದ್ಧಾಂತವು ಎಲ್ಲಿ ಉಳಿಯಿತು?

ನಲವತ್ತು ವರ್ಷ ಒಂದೂ ಏಕಾದಶಿ ತಪ್ಪಿಲ್ಲ ಎಂಬ ಹಿರಿಯರ ಮಾತಿನ ಹಿಂದಿರುವ ನಿಷ್ಠೆಗೆ ನಾವು ತಲೆಬಾಗುತ್ತೇವೆ. ಆ ಲೆಕ್ಕವನ್ನು ಮುರಿಯುವಾಗ ಅವರಿಗಾಗುವ ನೋವು ಹಸಿವೆಯ ನೋವಿಗಿಂತ ದೊಡ್ಡದು. ಸೊಸೆಯಂದಿರು ಇದನ್ನು ಅರಿತು ಮೃದುವಾಗಿ ನುಡಿಯಬೇಕು. ಆದರೆ ನಡೆಸಿದವರು ಯಾರು? ಜೀವನು ಪರತಂತ್ರನೆಂದು ಒಪ್ಪಿದ ಮೇಲೆ ನಲವತ್ತು ವರ್ಷ ನಡೆಸಿದವನೂ, ಈಗ ಹಾಲುಹಣ್ಣಿನಲ್ಲಿ ನಿಲ್ಲಿಸುವವನೂ ಒಬ್ಬನೇ ಸ್ವತಂತ್ರನು. ಇನ್ನು ಆಫೀಸಿನ ನೆಪ ಹೇಳಿ ತಪ್ಪಿಸಿಕೊಳ್ಳುವ ಗಟ್ಟಿಮುಟ್ಟಾದ ತರುಣರಿಗಾಗಿ ನಾವು ಇದನ್ನು ಬರೆದಿಲ್ಲ.

ಆದ್ದರಿಂದ ಮಧುಮೇಹಿಗಳು ದಶಮಿಗೆ ಮೊದಲೇ ವೈದ್ಯರಿಂದ ಔಷಧದ ಪ್ರಮಾಣವನ್ನೂ, ಮಠದ ವಿದ್ವಾಂಸರಿಂದ ಅನುಕಲ್ಪವನ್ನೂ ತಿಳಿದಿಟ್ಟುಕೊಳ್ಳಲಿ. ಹರಿದಿನದಲ್ಲಿ ಬೆವರು, ನಡುಕ ಕಂಡರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಅದು ಆ ಹೊತ್ತಿಗೆ ಆಹಾರವಲ್ಲ, ಔಷಧ. ಮೂರ್ಛೆ ಹೋದವರ ಬಾಯಿಗೆ ಮಾತ್ರ ಏನನ್ನೂ, ಭಕ್ತಿಯಿಂದ ತೀರ್ಥವನ್ನೂ ಸಹ, ಹಾಕಬಾರದು, ಶ್ವಾಸನಾಳಕ್ಕೆ ಇಳಿದೀತು. ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.