ಹನ್ನೆರಡು ಗೋತ್ರಗಳು ಮತ್ತು ಹೆಸರಿಲ್ಲದ ಇಬ್ಬರು

ಪ್ರವಾದಿಗಳ ಚರಿತ್ರೆಯನ್ನು ತಿಳಿಯುವ ಕುತೂಹಲದಿಂದ ಬೈಬಲಿನ ಹಳೆಯ ಒಡಂಬಡಿಕೆಯನ್ನು ತೆರೆದವರಿಗೆ ಒಂದು ಅನುಭವ ತಪ್ಪದೆ ಆಗುತ್ತದೆ. ಕಥನವು ಸರಾಗವಾಗಿ ಸಾಗುತ್ತಿರುವಾಗಲೇ ಹೆಸರುಗಳ ಉದ್ದನೆಯ ಪಟ್ಟಿಯೊಂದು ಎದುರಾಗುತ್ತದೆ. ಯಾರು ಯಾರಿಗೆ ಹುಟ್ಟಿದರು, ಯಾರ ಮಕ್ಕಳು ಯಾರು, ಯಾವ ಗೋತ್ರದಲ್ಲಿ ಎಷ್ಟು ಮಂದಿ ಇದ್ದರು ಎಂಬ ವಿವರಗಳು ಪುಟಗಟ್ಟಲೆ ಹರಡಿಕೊಂಡಿರುತ್ತವೆ. ಪೂರ್ವಕಾಲವೃತ್ತಾಂತದ ಮೊದಲನೆಯ ಭಾಗದಲ್ಲಂತೂ ಆದಮರಿಂದ(ಅ) ಆರಂಭಿಸಿ ಒಂಬತ್ತು ಅಧ್ಯಾಯಗಳು ಬಹುಮಟ್ಟಿಗೆ ಹೆಸರುಗಳೇ. ಹೆಚ್ಚಿನ ಓದುಗರು ಈ ಪುಟಗಳನ್ನು ಮಗುಚಿ ಮುಂದೆ ಹೋಗಿಬಿಡುತ್ತಾರೆ.

ಆದರೆ ಈ ಪಟ್ಟಿಗಳಲ್ಲಿ ಸತ್ಯವಿಶ್ವಾಸಿಗೆ ಪಾಠವಿದೆ. ಮೂಸಾರಿಗೆ(ಅ) ಅವತೀರ್ಣವಾದ ತೌರಾತಿನಲ್ಲಿ ನಮಗೆ ವಿಶ್ವಾಸವಿದೆ. ಇಂದು ಲಭ್ಯವಿರುವ ಗ್ರಂಥದಲ್ಲಿ ಮಾನವ ಹಸ್ತಕ್ಷೇಪ ನಡೆದಿದೆ ಎಂಬುದನ್ನೂ ನಾವು ಬಲ್ಲೆವು. ಆದ್ದರಿಂದ ಅದರಲ್ಲಿ ಪವಿತ್ರ ಕುರ್‌ಆನ್ ದೃಢೀಕರಿಸಿರುವುದನ್ನು ಒಪ್ಪುತ್ತೇವೆ. ಕುರ್‌ಆನ್ ಮೌನವಾಗಿರುವ ವಿಷಯಗಳಲ್ಲಿ ಪ್ರವಾದಿಯವರ(ಸ) ಉಪದೇಶದಂತೆ ದೃಢೀಕರಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ. ಇಸ್ರಾಈಲ್ ಸಂತತಿಗಳು ಹನ್ನೆರಡು ಗೋತ್ರಗಳಾಗಿದ್ದರು (7:160), ಅವರ ಮೇಲೆ ಹನ್ನೆರಡು ನಾಯಕರಿದ್ದರು (5:12) ಎಂಬುದು ಕುರ್‌ಆನೇ ಹೇಳುವ ವಿಷಯ. ಆ ಗೋತ್ರಗಳ ಲೆಕ್ಕವನ್ನು ಅವರ ಗ್ರಂಥದಲ್ಲಿ ಓದುವಾಗ ಈ ವಿವೇಕ ನಮ್ಮ ಜೊತೆಗಿರಲಿ.

ಪಟ್ಟಿ ಏತಕ್ಕಾಗಿ?

ಅರಣ್ಯಕಾಂಡದಲ್ಲಿ ಎರಡು ಜನಗಣತಿಗಳಿವೆ. ಈಜಿಪ್ಟಿನಿಂದ ಹೊರಟ ಎರಡನೆಯ ವರ್ಷದಲ್ಲಿ ನಡೆದ ಮೊದಲನೆಯ ಗಣತಿಯಲ್ಲಿ, 20 ವರ್ಷ ದಾಟಿದ, ಯುದ್ಧಕ್ಕೆ ಹೊರಡಬಲ್ಲ ಗಂಡಸರ ಸಂಖ್ಯೆ 6,03,550 ಎಂದು ದಾಖಲಾಗಿದೆ. ಮರುಭೂಮಿಯ ಅಲೆದಾಟದ ಕೊನೆಯಲ್ಲಿ ನಡೆದ ಎರಡನೆಯದರಲ್ಲಿ 6,01,730. ಈ ಎಣಿಕೆ ಯಾರ ರಕ್ತ ಶ್ರೇಷ್ಠ ಎಂದು ತೀರ್ಮಾನಿಸಲು ನಡೆದದ್ದಲ್ಲ. ಮೊದಲನೆಯದು ಯಾರು ಹೋರಾಟದ ಹೊಣೆ ಹೊರಬೇಕು ಎಂದು ಗೊತ್ತುಪಡಿಸಿತು. ಎರಡನೆಯದು ಭೂಮಿ ಹಂಚಿಕೆಗೆ ಆಧಾರವಾಯಿತು: ಹೆಚ್ಚು ಜನರಿರುವ ಗೋತ್ರಕ್ಕೆ ಹೆಚ್ಚು ಭೂಮಿ, ಕಡಿಮೆ ಜನರಿರುವ ಗೋತ್ರಕ್ಕೆ ಕಡಿಮೆ ಭೂಮಿ. ಸ್ಥಳದ ನಿರ್ಣಯ ಚೀಟಿ ಎತ್ತುವುದರಿಂದ.

ಮೂಸಾ(ಅ) ಮತ್ತು ಹಾರೂನ್(ಅ) ಜನಿಸಿದ್ದು ಲೇವಿ ಗೋತ್ರದಲ್ಲಿ ಎಂದು ಆ ಗ್ರಂಥ ಹೇಳುತ್ತದೆ. ವಂಶದ ಹಿರಿಮೆಯಿಂದ ಲಾಭ ದೊರೆಯುವುದಾಗಿದ್ದರೆ ಎಲ್ಲರಿಗಿಂತ ದೊಡ್ಡ ಪಾಲು ಅವರಿಗೆ ಸಿಗಬೇಕಿತ್ತು. ಆದರೆ ಇತರರಂತೆ ಭೂಭಾಗವೊಂದನ್ನು ಪಾಲಾಗಿ ಪಡೆಯದ ಗೋತ್ರ ಅದೊಂದೇ! ಅವರಿಗೆ ದೊರೆತದ್ದು ಆರಾಧನಾಲಯದ ಸೇವೆ. ಹತ್ತಿರದ ಸಂಬಂಧವು ಹೆಚ್ಚಿನ ಹೊಣೆಯನ್ನು ತಂದಿತೇ ಹೊರತು ಹೆಚ್ಚಿನ ಆಸ್ತಿಯನ್ನಲ್ಲ.

ಅದೇ ಪಟ್ಟಿಯಲ್ಲಿ ಐದು ಹೆಣ್ಣುಮಕ್ಕಳ ಹೆಸರುಗಳೂ ಇವೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಯೂಸುಫರ(ಅ) ವಂಶದ ಚಲ್ಪಹಾದ ಎಂಬಾತ ಗಂಡುಮಕ್ಕಳಿಲ್ಲದೆ ಮರುಭೂಮಿಯಲ್ಲಿ ತೀರಿಕೊಂಡಿದ್ದ. ಗಂಡುಮಗನಿಲ್ಲ ಎಂಬ ಕಾರಣಕ್ಕೆ ತಂದೆಯ ಹೆಸರು ಅಳಿಯಬೇಕೇ ಎಂದು ಅವನ ಐವರು ಪುತ್ರಿಯರು ಮೂಸಾ(ಅ) ಮತ್ತು ಸಮುದಾಯದ ಮುಖಂಡರ ಮುಂದೆ ನಿಂತು ಕೇಳಿದರು. ತೀರ್ಪು ಅವರ ಪರವಾಗಿ ಬಂತು. ವಂಶಾವಳಿಯು ಇಲ್ಲಿ ಹಕ್ಕುದಾರರ ಹಕ್ಕನ್ನು ಕಾಯುವ ದಾಖಲೆಯಾಗಿದೆ.

ಎಣಿಕೆಯಲ್ಲಿ ಉಳಿದವರು

ಈಗ ಆ ಎರಡು ಗಣತಿಗಳ ನಡುವಿನ ಘಟನೆಯನ್ನು ನೋಡಿರಿ. ಪವಿತ್ರ ಭೂಮಿಯನ್ನು ಪ್ರವೇಶಿಸಿರಿ ಎಂದು ಮೂಸಾ(ಅ) ಆಜ್ಞಾಪಿಸಿದಾಗ ಅವರ ಜನಾಂಗ ಅಲ್ಲಿಯ ಬಲಿಷ್ಠರನ್ನು ಕಂಡು ಹೆದರಿತು. ಪ್ರವಾದಿಗಳ ಸಂತತಿ ಎನಿಸಿಕೊಂಡವರು ಪ್ರವಾದಿಯ ಮುಖಕ್ಕೇ ಆಗುವುದಿಲ್ಲ ಎಂದುಬಿಟ್ಟರು. ಪರಿಣಾಮವಾಗಿ ನಲ್ವತ್ತು ವರ್ಷ ಆ ಭೂಮಿ ಅವರಿಗೆ ನಿಷಿದ್ಧವಾಯಿತು (5:21-26). ಎರಡನೆಯ ಗಣತಿ ಮುಗಿದಾಗ, ಮೊದಲ ಪಟ್ಟಿಯಲ್ಲಿ ಎಣಿಸಲ್ಪಟ್ಟವರಲ್ಲಿ ಇಬ್ಬರನ್ನು ಬಿಟ್ಟು ಇನ್ನಾರೂ ಉಳಿದಿರಲಿಲ್ಲ ಎಂದು ಅರಣ್ಯಕಾಂಡ ತಿಳಿಸುತ್ತದೆ. ಆ ಇಬ್ಬರು ಯೆಹೋಶುವ ಮತ್ತು ಕಾಲೇಬ್.

ಕುರ್‌ಆನ್ ಕೂಡ ಈ ಇಬ್ಬರನ್ನು ಪ್ರಸ್ತಾಪಿಸುತ್ತದೆ (5:23). ಆದರೆ ಅವರ ಹೆಸರನ್ನು ಹೇಳುವುದಿಲ್ಲ, ತಂದೆಯ ಹೆಸರನ್ನು ಹೇಳುವುದಿಲ್ಲ, ಗೋತ್ರವನ್ನೂ ಹೇಳುವುದಿಲ್ಲ. ಅವರು ಭಯಭಕ್ತಿಯುಳ್ಳವರಾಗಿದ್ದರು, ಅಲ್ಲಾಹನು ಅವರನ್ನು ಅನುಗ್ರಹಿಸಿದ್ದನು ಎಂದಷ್ಟೇ ತಿಳಿಸುತ್ತದೆ. ಅವರು ಯೂಶಅ್ ಬಿನ್ ನೂನ್ ಮತ್ತು ಕಾಲಿಬ್ ಎಂದು ನಮಗೆ ತಿಳಿಸಿಕೊಟ್ಟವರು ವ್ಯಾಖ್ಯಾನಕಾರರು. ಆರು ಲಕ್ಷ ಜನರನ್ನು ಗೋತ್ರವಾರು ಎಣಿಸಲಾಯಿತು. ಉಳಿದವರಿಬ್ಬರನ್ನು ಅಲ್ಲಾಹನು ತನ್ನ ಅಂತಿಮ ಗ್ರಂಥದಲ್ಲಿ ಗುಣದಿಂದ ಮಾತ್ರ ಪರಿಚಯಿಸಿದನು.

ಇನ್ನೊಂದು ವಿಷಯವೂ ಗಮನಾರ್ಹ. ಕಾಲೇಬನು ಯೆಹೂದ ಗೋತ್ರದ ಪ್ರತಿನಿಧಿಯಾಗಿದ್ದರೂ ಅವನ ತಂದೆಯನ್ನು ಕೆನಿಜ್ಜೀಯ ಎಂದು ಕರೆಯಲಾಗಿದೆ. ಆದಿಕಾಂಡದಲ್ಲಿ ಇದು ಇಬ್ರಾಹೀಮರ(ಅ) ಕಾಲದಲ್ಲಿ ಆ ನಾಡಿನಲ್ಲಿದ್ದ ಬೇರೊಂದು ಜನಾಂಗದ ಹೆಸರು. ಆದ್ದರಿಂದ ಅವನ ಮನೆತನ ಹೊರಗಿನಿಂದ ಬಂದು ಸೇರಿದ್ದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ದಾವೂದರ(ಅ) ವಂಶಾವಳಿಯನ್ನು ನೋಡಿರಿ: ಅವರ ಮುತ್ತಜ್ಜಿ ರೂತ್ ಮೋವಾಬ್ ಜನಾಂಗದ ವಿಧವೆ ಎಂದು ಆ ಗ್ರಂಥವೇ ದಾಖಲಿಸಿದೆ. ಯೆಹೆಜ್ಕೇಲನ ಗ್ರಂಥದ 47ನೆಯ ಅಧ್ಯಾಯವಂತೂ, ಗೋತ್ರಗಳ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳಿಗೂ ಭೂಮಿಯಲ್ಲಿ ಪಾಲು ಕೊಡಬೇಕೆಂದು ವಿಧಿಸುತ್ತದೆ. ಗೋತ್ರದ ಬಾಗಿಲು ಮುಚ್ಚಿರಲಿಲ್ಲ. ಅದನ್ನು ಮುಚ್ಚಿದ್ದು ಮನುಷ್ಯರ ಅಹಂಭಾವ.

ಕರಾರಿನ ಷರತ್ತು

ಇಬ್ರಾಹೀಮರನ್ನು(ಅ) ಜನರ ನಾಯಕನನ್ನಾಗಿ ಮಾಡುವೆನೆಂದು ಅಲ್ಲಾಹನು ತಿಳಿಸಿದಾಗ ಅವರು ತಮ್ಮ ಸಂತತಿಯ ಬಗ್ಗೆಯೂ ವಿಚಾರಿಸಿದರು. ತನ್ನ ವಾಗ್ದಾನವು ಅಕ್ರಮಿಗಳಿಗೆ ಅನ್ವಯಿಸದು ಎಂಬ ಉತ್ತರ ಬಂತು (2:124). ನೂಹರ(ಅ) ಮಗ ಪ್ರಳಯದಲ್ಲಿ ಮುಳುಗಿದಾಗ, ಅವನು ನಿಮ್ಮ ಕುಟುಂಬದವನಲ್ಲ ಎಂದು ಸ್ವತಃ ತಂದೆಗೇ ತಿಳಿಸಲಾಯಿತು (11:46). ಅಂತಿಮ ಪ್ರವಾದಿಯವರ(ಸ) ಸ್ವಂತ ಚಿಕ್ಕಪ್ಪ ಅಬೂಲಹಬನ ನಾಶವನ್ನು ಇಂದಿಗೂ ನಾವು ನಮಾಝ್‌ನಲ್ಲಿ ಓದುತ್ತೇವೆ.

ಇದನ್ನು ಯಹೂದಿಯರನ್ನು ಹಳಿಯಲು ಬಳಸುವವರು ಕುರ್‌ಆನಿನ ಉದ್ದೇಶವನ್ನೇ ಅರಿತಿಲ್ಲ. ಆ ಇತಿಹಾಸವನ್ನು ನಮಗೆ ಹೇಳಿರುವುದು ನಾವು ಆ ದಾರಿ ಹಿಡಿಯಬಾರದೆಂದು. ಸಫಾ ಬೆಟ್ಟದ ಮೇಲೆ ನಿಂತು ಪ್ರವಾದಿಯವರು(ಸ) ಕುರೈಶರನ್ನು ಮನೆತನ ಮನೆತನವಾಗಿ ಕರೆದರು. ಕೊನೆಗೆ ತಮ್ಮ ಚಿಕ್ಕಪ್ಪ ಅಬ್ಬಾಸರನ್ನು, ಸೋದರತ್ತೆ ಸಫಿಯ್ಯಾರನ್ನು, ಪ್ರೀತಿಯ ಪುತ್ರಿ ಫಾತಿಮಾರನ್ನು(ರ) ಹೆಸರು ಹಿಡಿದು ಕರೆದು, ಅಲ್ಲಾಹನ ಮುಂದೆ ನಿಮಗಾಗಿ ನಾನೇನೂ ಮಾಡಲಾರೆ ಎಂದು ಎಚ್ಚರಿಸಿದರು. ಫಾತಿಮಾರಿಗೇ(ರ) ಈ ಎಚ್ಚರಿಕೆ ಎಂದಾದರೆ ನಮ್ಮ ಮನೆತನದ ಹೆಸರಿಗೆ ಅಲ್ಲಿ ಏನು ಬೆಲೆ?

ಹಾಗಾದರೆ ವಂಶವನ್ನು ಅರಿಯುವುದೇ ತಪ್ಪೇ? ಖಂಡಿತ ಅಲ್ಲ. ಸಂಬಂಧಗಳನ್ನು ಜೋಡಿಸಿಕೊಳ್ಳಲು ಅಗತ್ಯವಾದಷ್ಟು ವಂಶಾವಳಿಯನ್ನು ಕಲಿಯಿರಿ ಎಂದು ಪ್ರವಾದಿಯವರು(ಸ) ಉಪದೇಶಿಸಿದ್ದಾರೆ. ದತ್ತುಮಕ್ಕಳನ್ನು ಅವರ ತಂದೆಯಂದಿರ ಹೆಸರಿನಿಂದಲೇ ಕರೆಯಬೇಕೆಂಬುದು ಕುರ್‌ಆನಿನ ಆಜ್ಞೆ (33:5). ಜನಾಂಗ ಮತ್ತು ಗೋತ್ರಗಳನ್ನು ಉಂಟುಮಾಡಿರುವುದು ಪರಸ್ಪರ ಪರಿಚಯಕ್ಕಾಗಿ ಎಂದೂ, ಗೌರವದ ಮಾನದಂಡ ಧರ್ಮನಿಷ್ಠೆಯೆಂದೂ ಅಲ್ಲಾಹನು ಸ್ಪಷ್ಟಪಡಿಸಿದ್ದಾನೆ (49:13).

ನಮ್ಮ ಮನೆಗಳಲ್ಲಿ

ಈ ಅಳತೆಗೋಲಿನಿಂದ ನಮ್ಮನ್ನು ನಾವು ಅಳೆದುಕೊಳ್ಳೋಣ. ನಮ್ಮಲ್ಲೂ ಸಯ್ಯಿದ್, ಶೇಖ್, ಪಠಾಣ್ ಎಂಬ ಗುರುತುಗಳಿವೆ. ಪೂರ್ವಜರ ಕಸುಬಿನಿಂದ ಬಂದ ಹೆಸರುಗಳೂ ಇವೆ. ಮಸೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು ಮಗಳಿಗೆ ಸಂಬಂಧ ಬಂದಾಗ ಮೊದಲು ವಿಚಾರಿಸುವುದು ಹುಡುಗನ ಅಜ್ಜ ಏನು ಮಾಡುತ್ತಿದ್ದ ಎಂದು! ದೀನ್ ಮತ್ತು ಚಾರಿತ್ರ್ಯ ಮೆಚ್ಚುಗೆಯಾದವನ ಸಂಬಂಧವನ್ನು ತಿರಸ್ಕರಿಸಿದರೆ ಭೂಮಿಯಲ್ಲಿ ಕ್ಷೋಭೆ ಉಂಟಾಗುವುದೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದರೂ ಎಷ್ಟೋ ಹೆಣ್ಣುಮಕ್ಕಳ ವಯಸ್ಸು ಈ ವಿಚಾರಣೆಯಲ್ಲೇ ಸವೆಯುತ್ತದೆ. ವಿವಾಹದಲ್ಲಿ ಸಮಾನತೆಯ ಕುರಿತು ಕರ್ಮಶಾಸ್ತ್ರಜ್ಞರು ನಡೆಸಿದ ಚರ್ಚೆಯ ಉದ್ದೇಶ ದಾಂಪತ್ಯದ ನೆಮ್ಮದಿ ಮತ್ತು ಹೆಣ್ಣಿನ ಹಿತರಕ್ಷಣೆ. ಅದನ್ನು ಇನ್ನೊಬ್ಬ ಮುಸ್ಲಿಮನನ್ನು ಕೀಳಾಗಿ ಕಾಣಲು ಪ್ರಮಾಣವಾಗಿ ಬಳಸುವುದು ಅನ್ಯಾಯ.

ಇನ್ನು ಕೆಲವು ಮನೆಗಳಲ್ಲಿ ಏಳೆಂಟು ತಲೆಮಾರುಗಳ ವಂಶವೃಕ್ಷಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿರುತ್ತಾರೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಆಸ್ತಿ ಹಂಚುವಾಗಲೂ ಇರುವುದಿಲ್ಲ. ಚಲ್ಪಹಾದನ ಪುತ್ರಿಯರು ಬಾಯಿಬಿಟ್ಟು ಕೇಳಬೇಕಾಯಿತು. ನಮ್ಮ ಹೆಣ್ಣುಮಕ್ಕಳು ಕೇಳುವ ಮುನ್ನವೇ ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಅವರ ಪಾಲನ್ನು ನಿಶ್ಚಯಿಸಿದ್ದಾನೆ. ಆ ಪಾಲನ್ನು ನುಂಗಿ ವಂಶವೃಕ್ಷವನ್ನು ಒರೆಸಿ ಇಟ್ಟರೆ ಪ್ರಯೋಜನವೇನು? ಬಂಧುಗಳ ಪಟ್ಟಿ ನಿಮ್ಮಲ್ಲಿದ್ದರೆ ಅದರಲ್ಲಿ ವಿಧವೆ ಯಾರು, ಸಾಲಗಾರ ಯಾರು, ಮಾತು ಬಿಟ್ಟ ಸಹೋದರ ಯಾರು ಎಂದು ಹುಡುಕಿರಿ. ಪಟ್ಟಿ ಇರುವುದು ಅದಕ್ಕಾಗಿ.

ಹನ್ನೆರಡು ಗೋತ್ರಗಳ ಮೂಲಪುರುಷರಾದ ಯಅ್‌ಕೂಬ್(ಅ) ಮರಣಶಯ್ಯೆಯಲ್ಲಿದ್ದಾಗ ಮಕ್ಕಳೆಲ್ಲ ಸುತ್ತ ನೆರೆದಿದ್ದರು. ಕುರ್‌ಆನ್ ಆ ಸಂದರ್ಭದ ಒಂದೇ ಒಂದು ಪ್ರಶ್ನೆಯನ್ನು ನಮಗಾಗಿ ಉಳಿಸಿದೆ: ತನ್ನ ನಂತರ ನೀವು ಯಾರನ್ನು ಆರಾಧಿಸುವಿರಿ ಎಂದು ಅವರು ಮಕ್ಕಳನ್ನು ಕೇಳಿದರು (2:133). ಭೂಮಿಯ ಮಾತಿಲ್ಲ, ಹೆಸರು ಉಳಿಸಿರೆಂಬ ಮಾತಿಲ್ಲ. ಅದರ ಬೆನ್ನಿಗೇ, ಆ ಸಮುದಾಯ ಗತಿಸಿಹೋಯಿತು, ಅವರ ಗಳಿಕೆ ಅವರಿಗೆ, ನಿಮ್ಮ ಗಳಿಕೆ ನಿಮಗೆ ಎಂಬ ಎಚ್ಚರಿಕೆ ಬರುತ್ತದೆ. ನಮ್ಮ ಮಕ್ಕಳು ನಮ್ಮ ಸುತ್ತ ನಿಂತಿರುವ ದಿನವೂ ಬರಲಿದೆ. ಅಂದು ಕೇಳಬೇಕಾದ ಪ್ರಶ್ನೆಗೆ ಅವರನ್ನು ಇಂದೇ ಸಿದ್ಧಗೊಳಿಸೋಣ.

ಅಲ್ಲಾಹನು ನಮ್ಮನ್ನೂ ನಮ್ಮ ಸಂತತಿಯನ್ನೂ ನಮಾಝನ್ನು ಸಂಸ್ಥಾಪಿಸುವವರ, ಸಂಬಂಧಗಳನ್ನು ಜೋಡಿಸುವವರ ಸಾಲಿನಲ್ಲಿ ಸೇರಿಸಲಿ. ಆಮೀನ್.