ಕಳುಹಿಸುವವನ ಧೈರ್ಯ

ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಹಡಗು ಕಂಪನಿಯ ಅಧಿಕಾರಿಯಾಗಿ ಬಾಳಿದ ಗ್ರೀಕನೊಬ್ಬನ ಬದುಕನ್ನು ಹೇಗೆ ಬರೆಯಬೇಕು? ಇಂಥವರ ಬಗ್ಗೆ ಬರುವ ನುಡಿನಮನಗಳನ್ನು ಓದುವಾಗ ನನ್ನ ಗಮನ ಹೋಗುವುದು ಪುಟಗಳ ಹಂಚಿಕೆಯ ಕಡೆಗೆ. ಕೆಲವೇ ವರ್ಷಗಳ ಯುದ್ಧಕ್ಕೆ ಬರಹದ ಬಹುಪಾಲು, ದಶಕಗಳ ಕಚೇರಿಗೆ ಒಂದೆರಡು ಸಾಲು. ರಣರಂಗದ ಧೈರ್ಯವೇ ಮುಂದೆ ವ್ಯಾಪಾರದಲ್ಲೂ ಕೈಹಿಡಿಯಿತು ಎಂಬರ್ಥದ ಒಂದು ಮಾತು ಈ ಎರಡು ಬದುಕುಗಳನ್ನು ಜೋಡಿಸಿ ಹೊಲಿಯುತ್ತದೆ. ನನ್ನ ಅನುಮಾನ ಇರುವುದು ಈ ಹೊಲಿಗೆಯ ಮೇಲೆ. ವಿಮಾನದಲ್ಲಿ ಕೂತವನ ಧೈರ್ಯ, ಅವನು ಮೇಜಿನ ಹಿಂದೆ ಕೂತಾಗಲೂ ಧೈರ್ಯವಾಗಿಯೇ ಉಳಿಯುತ್ತದೆಯೇ?

ಮೊದಲು ವಿಮಾನದ ಕಥೆ. 1940ರ ಅಕ್ಟೋಬರ್ 28ರಂದು ಇಟಲಿ ಗ್ರೀಸಿನ ಮೇಲೆ ದಾಳಿ ಮಾಡಿತು. ನವೆಂಬರ್ 2ರಂದು ಥೆಸಲೋನಿಕಿ ಪ್ರದೇಶದ ಮೇಲೆ ಬಂದ ಇಟಲಿಯ ಬಾಂಬರ್‌ಗಳನ್ನು ಎದುರಿಸಿದವರಲ್ಲಿ ಮರೀನೋಸ್ ಮಿತ್ರಲೆಕ್ಸಿಸ್ ಎಂಬ ಪೈಲಟ್ ಒಬ್ಬ. ಅವನದು ಪೋಲೆಂಡಿನಲ್ಲಿ ರೂಪುಗೊಂಡ ಹಳೆಯ ಮಾದರಿಯ ಯುದ್ಧವಿಮಾನ. ಗುಂಡುಗಳು ಮುಗಿದಾಗ ಅವನು ತನ್ನ ವಿಮಾನವನ್ನೇ ಬಾಂಬರ್‌ನ ಬಾಲಕ್ಕೆ ಗುದ್ದಿಸಿದ. ಬಾಂಬರ್ ಉರುಳಿತು. ಅವನು ಹೇಗೋ ನೆಲಕ್ಕಿಳಿದು, ಪ್ಯಾರಾಚೂಟ್‌ನಲ್ಲಿ ಇಳಿದಿದ್ದ ಶತ್ರುಗಳನ್ನು ತನ್ನ ಪಿಸ್ತೂಲಿನಿಂದಲೇ ಸೆರೆಹಿಡಿದ. 1941ರಲ್ಲಿ ಗ್ರೀಸ್ ಜರ್ಮನರ ವಶವಾದ ಮೇಲೆ ತಪ್ಪಿಸಿಕೊಂಡು ಹೋದ ಗ್ರೀಕ್ ಪೈಲಟ್‌ಗಳು ಬ್ರಿಟಿಷ್ ವಾಯುಪಡೆಯ 335 ಮತ್ತು 336ನೇ ಸ್ಕ್ವಾಡ್ರನ್‌ಗಳಲ್ಲಿ ಮರುಭೂಮಿಯ ಮೇಲೆ ಹಾರಿದರು. ಮಿತ್ರಲೆಕ್ಸಿಸ್ ಯುದ್ಧದಲ್ಲಿ ಬದುಕುಳಿದ, ಆದರೆ 1948ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅವನಿಗೆ ಎರಡನೆಯ ಬದುಕು ಸಿಗಲಿಲ್ಲ. ಹಾಗಾಗಿ ಅವನ ಹೆಸರು ಆ ಒಂದು ಗಳಿಗೆಯಲ್ಲೇ ನಿಂತಿದೆ.

ಎರಡನೆಯ ಬದುಕು ಸಿಕ್ಕ ಪೈಲಟ್ ಪಿರೇಯಸ್ ಬಂದರಿನ ಯಾವುದೋ ಹಡಗು ಕಚೇರಿಗೆ ನಡೆದಿದ್ದರೆ ಅವನೆದುರು ಇದ್ದ ಲೋಕವೇ ಬೇರೆ. ಯುದ್ಧ ಮುಗಿಯುವಾಗ ಗ್ರೀಸಿನ ವ್ಯಾಪಾರಿ ಹಡಗುಗಳಲ್ಲಿ ಬಹುಪಾಲು ಸಮುದ್ರದ ತಳದಲ್ಲಿದ್ದವು. ಅವುಗಳ ಜೊತೆ ಸಾವಿರಾರು ನಾವಿಕರೂ ಹೋಗಿದ್ದರು. 1946-47ರಲ್ಲಿ ಅಮೆರಿಕ ತನ್ನ ಯುದ್ಧಕಾಲದ ‘ಲಿಬರ್ಟಿ’ ಹಡಗುಗಳಲ್ಲಿ 100ನ್ನು ಗ್ರೀಕ್ ಮಾಲೀಕರಿಗೆ ಮಾರಿತು. ಸ್ವಲ್ಪ ನಗದು, ಉಳಿದದ್ದು ಸಾಲ, ಸಾಲಕ್ಕೆ ಗ್ರೀಕ್ ಸರ್ಕಾರದ ಖಾತರಿ. ಯುದ್ಧಾನಂತರದ ಗ್ರೀಕ್ ಹಡಗು ಉದ್ಯಮ ಎದ್ದು ನಿಂತದ್ದು ಇವುಗಳ ಮೇಲೆ. ಅವನ್ನು ಅಲ್ಲಿನವರು ಪುಣ್ಯದ ಹಡಗುಗಳೆಂದೇ ಕರೆದರು. ಅವಸರದಲ್ಲಿ ಬೆಸುಗೆ ಹಾಕಿ ಕಟ್ಟಿದ ಈ ಜಾತಿಯ ಹಡಗುಗಳಲ್ಲಿ ಕೆಲವು ಯುದ್ಧಕಾಲದಲ್ಲೇ, ತಣ್ಣನೆಯ ಕಡಲುಗಳಲ್ಲಿ, ಬಿರುಕುಬಿಟ್ಟು ಮುರಿದಿದ್ದವು ಎಂಬುದೂ ನಿಜ.

ಈಗ ಮೇಜಿನ ಹಿಂದೆ ಕೂತವನ ಕೆಲಸವನ್ನು ನೋಡೋಣ. ಚಳಿಗಾಲದಲ್ಲಿ ಹಡಗು ಹೊರಡಬೇಕೇ, ನಿಲ್ಲಬೇಕೇ? ರಿಪೇರಿಯನ್ನು ಇನ್ನೊಂದು ಪಯಣದ ನಂತರಕ್ಕೆ ತಳ್ಳಬಹುದೇ? ಇನ್ನೆಷ್ಟು ಸರಕು ತುಂಬಬಹುದು? ಇವೆಲ್ಲ ‘ರಿಸ್ಕ್’ ತೆಗೆದುಕೊಳ್ಳುವ ಪ್ರಶ್ನೆಗಳೇ. ಆದರೆ ಇಲ್ಲಿ ರಿಸ್ಕ್ ತೆಗೆದುಕೊಳ್ಳುವವನು ಒಬ್ಬ, ಅದನ್ನು ಮೈಮೇಲೆ ಹೊರುವವನು ಇನ್ನೊಬ್ಬ. ಹಡಗಿನ ವ್ಯಾಪಾರ ಇದನ್ನು ಹಿಂದಿನಿಂದಲೂ ಬಲ್ಲದು. ಹಡಗಿಗೆ ಮಿತಿಮೀರಿ ಸರಕು ತುಂಬುವುದರ ವಿರುದ್ಧ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ ಫಲವಾಗಿ 1876ರಲ್ಲಿ ಬ್ರಿಟನ್ ಹಡಗಿನ ಪಕ್ಕೆಗೆ ಭಾರದ ಗೆರೆ ಬಳಿಯುವುದನ್ನು ಕಡ್ಡಾಯ ಮಾಡಿತು. ಆದರೆ ಗೆರೆ ಎಲ್ಲಿ ಬೀಳಬೇಕು ಎಂಬುದನ್ನು ಮೊದಮೊದಲು ಮಾಲೀಕನಿಗೇ ಬಿಟ್ಟಿತ್ತು! ಧೈರ್ಯವಂತ ಮಾಲೀಕ ಗೆರೆಯನ್ನು ಎಷ್ಟು ಮೇಲಕ್ಕಾದರೂ ಬಳಿಯಬಹುದಿತ್ತು. ಮುಳುಗುವುದು ಅವನಲ್ಲವಲ್ಲ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಧೈರ್ಯವನ್ನು ವಿಚಾರಿಸುವಾಗ ಅದನ್ನು ಬಿಗಿಯಾಗಿ ಕಟ್ಟುತ್ತಾನೆ. ಪೂರ್ಣಾರ್ಥದ ಧೈರ್ಯ ಕಾಣುವುದು ತನ್ನದೇ ಸಾವು ಎದುರು ನಿಂತಾಗ, ಅದೂ ಒಳ್ಳೆಯದೊಂದರ ಸಲುವಾಗಿ. ಧೈರ್ಯದಂತೆ ಕಾಣುವ ಬೇರೆ ಗುಣಗಳನ್ನು ಅವನು ಒಂದೊಂದಾಗಿ ಬದಿಗಿಡುತ್ತಾನೆ: ಅನುಭವದಿಂದ ಬಂದ ಭರವಸೆ, ಸಿಟ್ಟು, ಅಪಾಯದ ಅರಿವೇ ಇಲ್ಲದಿರುವುದು. ಒಳ್ಳೆಯವನಿಗೆ ಬದುಕು ಹೆಚ್ಚು ಬೆಲೆಯುಳ್ಳದ್ದು, ಆದ್ದರಿಂದ ಸಾವು ಅವನಿಗೆ ಹೆಚ್ಚು ನೋವು ಕೊಡುತ್ತದೆ, ಆ ನೋವಿದ್ದೂ ನಿಲ್ಲುವುದೇ ಧೈರ್ಯ ಎನ್ನುತ್ತಾನೆ. ಈ ಅಳತೆಗೋಲಿನಲ್ಲಿ ಮಿತ್ರಲೆಕ್ಸಿಸ್ ಧೀರ. ಚಂಡಮಾರುತಕ್ಕೆ ಹಡಗು ಕಳುಹಿಸಿದ ಅಧಿಕಾರಿ ಚುರುಕಿನವನೋ ದುರಾಸೆಯವನೋ ನಿರುಪಾಯನೋ ಇರಬಹುದು, ಧೀರನಂತೂ ಅಲ್ಲ.

ನಮ್ಮ ಭಾಷೆಯಲ್ಲೂ ಈ ಗೊಂದಲವಿದೆ. ಪೈಲಟ್ ಮಾಡಿದ್ದೂ ‘ಸಾಹಸ’, ಉದ್ಯಮಿ ಮಾಡಿದ್ದೂ ‘ಸಾಹಸ’. ಹಳೆಯ ಧರ್ಮಶಾಸ್ತ್ರಗಳಲ್ಲಿ ಇದೇ ‘ಸಾಹಸ’ ಪದ ಬಲಾತ್ಕಾರದ ಅಪರಾಧಗಳಿಗೆ ಹೆಸರಾಗಿತ್ತು ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಇದಕ್ಕೆ ಆಕ್ಷೇಪಗಳಿವೆ. ಮೇಜಿನ ಹಿಂದೆ ಯಾರೂ ಕೂರದಿದ್ದರೆ ಯುದ್ಧದಲ್ಲಿ ಹಸಿದ ದೇಶಕ್ಕೆ ಗೋಧಿ ಬರುವುದಿಲ್ಲ, ನಾವಿಕನಿಗೆ ಸಂಬಳವೂ ಇಲ್ಲ. ಸಾಲ ತಂದವನು ಮನೆಮಠ ಕಳೆದುಕೊಳ್ಳುವ ಭಯದಲ್ಲೇ ಇರುತ್ತಾನೆ. ಯುದ್ಧದಲ್ಲೂ ಒಬ್ಬರು ಇನ್ನೊಬ್ಬರನ್ನು ಕಳುಹಿಸುತ್ತಾರೆ. ಇವೆಲ್ಲವೂ ಒಪ್ಪತಕ್ಕ ಮಾತುಗಳೇ. ಆದರೂ ತಂಡವನ್ನು ಮುನ್ನಡೆಸುವ ಪೈಲಟ್ ತಾನೂ ಅದೇ ಆಕಾಶದಲ್ಲಿರುತ್ತಾನೆ. ಕಚೇರಿಯ ಕಿಟಕಿಯಿಂದ ಕಾಣುವುದು ಬಂದರು ಮಾತ್ರ, ನಡುಗಡಲು ಕಾಣುವುದಿಲ್ಲ.

ಹಾಗಾದರೆ ಪೈಲಟ್ ಅಧಿಕಾರಿಯಾದಾಗ ಮೊದಲ ಬದುಕಿನಿಂದ ಎರಡನೆಯದಕ್ಕೆ ದಾಟಿ ಬರುವುದು ಏನು? ಅದು ಧೈರ್ಯವಲ್ಲ, ನೆನಪು ಎನ್ನುವುದು ನನ್ನ ಉತ್ತರ. ಒಂದು ಕಾಲದಲ್ಲಿ ತಾನೂ ಕಳುಹಿಸಲ್ಪಟ್ಟವನು, ಯಾರೋ ನಕ್ಷೆಯ ಮೇಲೆ ಬೆರಳಿಟ್ಟಿದ್ದರಿಂದ ಹಾರಿದವನು ಎಂಬ ನೆನಪು. ಅದು ಸಹಿ ಹಾಕುವ ಕೈಯನ್ನು ಒಂದು ಕ್ಷಣ ತಡೆಯಬಲ್ಲದು. ತಡೆದೇ ತಡೆಯುತ್ತದೆ ಎಂಬ ಖಾತರಿಯೇನಿಲ್ಲ. ಪದಕಗಳನ್ನು ಗೋಡೆಗೆ ತೂಗುಹಾಕಿ ಆ ನೆನಪನ್ನು ಮರೆಯುವುದೂ ಸುಲಭ.

ಆದ್ದರಿಂದಲೇ ಆ ಒಂದೆರಡು ಸಾಲುಗಳು ಸಾಲವು. ಅಧಿಕಾರಿಯಾಗಿ ಆತ ಎಷ್ಟು ಹಡಗುಗಳನ್ನು ಬಂದರಿನಲ್ಲೇ ನಿಲ್ಲಿಸಿದ, ಯಾವ ಹಳೆಯ ಹಡಗನ್ನು ಲಾಭವಿದ್ದಾಗಲೂ ಗುಜರಿಗೆ ಹಾಕಿದ ಎಂದು ಕೇಳಬೇಕು. ಉತ್ತರ ಸಿಗುವುದು ಕಷ್ಟ. ಹೊರಡದ ಹಡಗಿಗೆ ಕಥೆಯಿಲ್ಲ, ಮುಳುಗದ ನಾವಿಕನಿಗೆ ತಾನು ಉಳಿದದ್ದು ಯಾರಿಂದ ಎಂಬುದೂ ಗೊತ್ತಿರುವುದಿಲ್ಲ.