ತೇರು ಯಾರದು, ತಂಡ ಯಾರದು?



ಪೇರ್‌ಲ್ಯಾಂಡಿನಿಂದ 288 ಹೆದ್ದಾರಿ ಹಿಡಿದು ಹೂಸ್ಟನ್ನಿಗೆ ಓಡಾಡುವ ನಮಗೆಲ್ಲ ಆಸ್ಟ್ರೋಡೋಮ್ ಪರಿಚಿತವೇ. 1965ರಲ್ಲಿ ತೆರೆದಾಗ ಪ್ರಪಂಚದ ಎಂಟನೆಯ ಅದ್ಭುತವೆಂದು ಕೊಂಡಾಡಿಸಿಕೊಂಡ ಆ ಗುಮ್ಮಟ ಈಗ ಬಾಗಿಲು ಹಾಕಿಕೊಂಡು ನಿಂತಿದೆ. ಮೊನ್ನೆ ಅದರ ಪಕ್ಕ ಹಾದುಹೋಗುವಾಗ, "ಇಲ್ಲಿ ಆಡುತ್ತಿದ್ದ ಫುಟ್‌ಬಾಲ್ ತಂಡ ಏನಾಯಿತು?" ಎಂದು ನಮ್ಮ ಮಗಳು ಕೇಳಿದಳು. ಮಾಲೀಕರು ಬೇರೆ ಊರಿಗೆ ಕರೆದೊಯ್ದರು ಎಂದೆವು. "ತಂಡ ಹೂಸ್ಟನ್ನಿನದಲ್ಲವೇ? ಅವರು ಹೇಗೆ ಕರೆದೊಯ್ದರು?" ಎಂದಳು. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನೇ ತಮ್ಮ ಮುಂದೆ ಇಡುತ್ತಿದ್ದೇವೆ.

ಹೂಸ್ಟನ್ ಆಯ್ಲರ್ಸ್ ತಂಡವನ್ನು ಕಟ್ಟಿದವರು ಬಡ್ ಆಡಮ್ಸ್. 1960ರಲ್ಲಿ ಹೊಸ ಲೀಗ್ ಆರಂಭವಾದಾಗ ಅದು ಉಳಿಯುವುದೋ ಅಳಿಯುವುದೋ ಯಾರಿಗೂ ತಿಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಸ್ವಂತ ಹಣ ಹಾಕಿದ ಧೈರ್ಯ ಅವರದು. ಅದನ್ನು ಅಲ್ಲಗಳೆಯಬಾರದು. ಆದರೆ ಊರಿನವರು ಹಾಕಿದ್ದೂ ಕಡಿಮೆಯಲ್ಲ. 1980ರ ಜನವರಿಯಲ್ಲಿ ತಂಡ ಪಿಟ್ಸ್‌ಬರ್ಗ್‌ನಲ್ಲಿ ಸೋತು ಹಿಂದಿರುಗಿದ ರಾತ್ರಿ, ಸೋತವರನ್ನು ಎದುರುಗೊಳ್ಳಲು ಐವತ್ತು ಸಾವಿರಕ್ಕೂ ಹೆಚ್ಚು ಜನ ಆಸ್ಟ್ರೋಡೋಮಿನಲ್ಲಿ ಸೇರಿದ್ದರು. ಅಂಥ ಪ್ರೀತಿಯನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು?

1987ರಲ್ಲಿ ಆಡಮ್ಸ್, ತಂಡವನ್ನು ಫ್ಲಾರಿಡಾದ ಜಾಕ್ಸನ್‌ವಿಲ್ಲಿಗೆ ಒಯ್ಯುವ ಮಾತೆತ್ತಿದರು. ಹೆದರಿದ ಹ್ಯಾರಿಸ್ ಕೌಂಟಿ ಸುಮಾರು 6 ಕೋಟಿ 70 ಲಕ್ಷ ಡಾಲರ್ ಸುರಿದು, ಹೆಸರಾಂತ ಸ್ಕೋರ್‌ಬೋರ್ಡನ್ನು ಕಿತ್ತು, ಸುಮಾರು ಹತ್ತು ಸಾವಿರ ಆಸನಗಳನ್ನು ಹೆಚ್ಚಿಸಿತು. ಕೆಲವೇ ವರ್ಷಗಳಲ್ಲಿ ಅವರು ಹೊಸ ಕ್ರೀಡಾಂಗಣವನ್ನೇ ಬಯಸಿದರು. ಮೇಯರ್ ಬಾಬ್ ಲೇನಿಯರ್ ಒಪ್ಪಲಿಲ್ಲ. 1995ರಲ್ಲಿ ನ್ಯಾಶ್‌ವಿಲ್ ಜೊತೆ ಒಪ್ಪಂದವಾಯಿತು. 1996ರ ಋತುವೇ ಇಲ್ಲಿಯ ಕೊನೆಯದು. ತಂಡ ಹೋಯಿತು, ಸಾಲ ಊರಿನ ತೆರಿಗೆದಾರರಿಗೆ ಉಳಿಯಿತು. ಹೆಸರು, ಬಣ್ಣ, ಹಳೆಯ ದಾಖಲೆಗಳೂ ಮಾಲೀಕರ ಜೊತೆಯಲ್ಲೇ ಹೋದವು. 2023ರಲ್ಲಿ ಟೆನೆಸೀ ತಂಡ ಆ ತಿಳಿನೀಲಿ ಆಯ್ಲರ್ಸ್ ಅಂಗಿಯನ್ನೇ ತೊಟ್ಟು ನಮ್ಮ ಟೆಕ್ಸನ್ಸ್ ವಿರುದ್ಧ ಆಡಿದಾಗ, ಹಳೆಯ ಹೂಸ್ಟನ್ನಿಗರಿಗೆ ಹೇಗಾಗಿರಬೇಡ!

ಲಾಭ ಮಾಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆಟಗಾರರಿಗೆ ಸಂಬಳ ಕೊಡಬೇಕು. ನಷ್ಟದಲ್ಲಿ ಯಾವ ಅಂಗಡಿಯೂ ನಡೆಯದು. ನಮ್ಮ ಆಕ್ಷೇಪಣೆ ಬೇರೆ. ಹಣ ಕೇಳುವಾಗ "ಇದು ನಿಮ್ಮೆಲ್ಲರ ತಂಡ" ಎನ್ನುವುದು, ಹೊರಡುವಾಗ "ಇದು ನನ್ನ ಸ್ವತ್ತು" ಎನ್ನುವುದು, ಈ ಎರಡೂ ಒಂದೇ ಬಾಯಲ್ಲಿ ಬರಬಾರದು.

ನಮ್ಮೂರುಗಳ ರಥೋತ್ಸವವನ್ನು ನೆನೆಸಿಕೊಳ್ಳಿ. ತೇರನ್ನು ಯಾರೋ ಸಾಹುಕಾರರು ಮಾಡಿಸಿಕೊಟ್ಟಿರಬಹುದು. ಅವರಿಗೆ ಮೊದಲ ಮರ್ಯಾದೆ ಸಲ್ಲುತ್ತದೆ, ಸಲ್ಲಲಿ. ಆದರೆ ಹಗ್ಗಕ್ಕೆ ಕೈ ಹಚ್ಚುವ ಜನ ಬಾರದಿದ್ದರೆ ತೇರು ಒಂದಡಿಯೂ ಮುಂದೆ ಹೋಗದು. ದೇವಸ್ಥಾನ ನೋಡಿಕೊಳ್ಳುವವರನ್ನು ನಾವು ಮಾಲೀಕರೆನ್ನುವುದಿಲ್ಲ, ಧರ್ಮದರ್ಶಿಗಳು ಎನ್ನುತ್ತೇವೆ. ಸಿರಿವಂತರು ಸಂಪತ್ತಿನ ಧರ್ಮದರ್ಶಿಗಳಾಗಿರಬೇಕೆಂದು ಗಾಂಧೀಜಿ ಹೇಳಿದ್ದೂ ಇದೇ ಅರ್ಥದಲ್ಲಿ. ಇದು ಬರಿಯ ಆದರ್ಶವಲ್ಲ. ವಿಸ್ಕಾನ್ಸಿನ್ನಿನ ಗ್ರೀನ್ ಬೇ ಚಿಕ್ಕ ಊರು. ಅಲ್ಲಿಯ ಪ್ಯಾಕರ್ಸ್ ತಂಡ 1923ರಿಂದಲೂ ಸಾಮಾನ್ಯ ಷೇರುದಾರರದು. ಷೇರಿಗೆ ಲಾಭಾಂಶವಿಲ್ಲ, ಮಾರಿ ಲಾಭ ಮಾಡುವಂತೆಯೂ ಇಲ್ಲ. ಆದರೂ ತಂಡ ಗೆಲ್ಲುತ್ತಾ ಬಂದಿದೆ, ಊರು ಬಿಟ್ಟಿಲ್ಲ.

ಇದೆಲ್ಲ ಕೋಟ್ಯಧೀಶರ ವ್ಯವಹಾರ, ನಮಗೇಕೆ ಎನ್ನುವಿರಾ? ಕಳೆದ ರಾಜ್ಯೋತ್ಸವದ ಸಂಜೆಯನ್ನು ನೆನೆದರೆ ನಮಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ಸಭಾಂಗಣದ ಮುಂದಿನ ಸಾಲುಗಳು ದಾನಿಗಳಿಗೆ ಮೀಸಲಾಗಿದ್ದವು. ನಾಟಕ ಆರಂಭವಾಗಿ ಅರ್ಧ ಗಂಟೆಯಾದರೂ ಅರ್ಧ ಖಾಲಿ. ಊರಿನಿಂದ ಬಂದಿದ್ದ ಹಿರಿಯರೊಬ್ಬರು ಹಿಂದಿನ ಗೋಡೆಗೆ ಒರಗಿ ನಿಂತೇ ನೋಡಿದರು. ಬಾಗಿಲಲ್ಲಿ ಟಿಕೆಟ್ಟಿನ ದರ ಓದಿದ ಇಬ್ಬರು ವಿದ್ಯಾರ್ಥಿಗಳು ಸದ್ದಿಲ್ಲದೆ ಹಿಂದಿರುಗಿದರು. ಸ್ವಯಂಸೇವಕರಾಗಿ ಬಾಗಿಲಲ್ಲಿ ನಿಂತಿದ್ದವರು ನಾವೇ. ನಿಯಮ ಪಾಲಿಸಿದೆವು, ಅವರನ್ನು ಕರೆಯಲಿಲ್ಲ. ಅದು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ದಾನಿಗಳಿಲ್ಲದೆ ಸಭಾಂಗಣದ ಬಾಡಿಗೆ ಕಟ್ಟಲಾಗದು. ಅವರ ಉಪಕಾರವನ್ನು ಮರೆಯಬಾರದು. ಆದರೆ ಅಡುಗೆ ಮಾಡುವವರು, ಕುರ್ಚಿ ಜೋಡಿಸುವವರು, ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವರು ಇಲ್ಲದೆ ಹೋದರೆ ಆ ಬಾಡಿಗೆ ಕಟ್ಟಿ ಪ್ರಯೋಜನವೇನು? ಕಾರ್ಯಕ್ರಮ ಆರಂಭವಾಗಿ ಹತ್ತು ನಿಮಿಷವಾದ ಮೇಲೆ ಖಾಲಿ ಕುರ್ಚಿಗಳು ಹಿರಿಯರಿಗೆ ಸಿಗಲಿ. ವಿದ್ಯಾರ್ಥಿಗಳಿಗೆ ಊಟದ ಖರ್ಚಿನಷ್ಟೇ ದರವಿರಲಿ. ಕೊರತೆ ಬಿದ್ದರೆ ನಾವು ಕೆಲವರು ಸೇರಿ ತುಂಬಿಕೊಡೋಣ. ಮೊದಲ ಪಾಲು ನಮ್ಮದು.

ನಮ್ಮ ಮಗಳಿಗೆ ಕೊನೆಗೆ ಹೇಳಿದ್ದು ಇಷ್ಟೇ: ಕಾಗದದ ಪ್ರಕಾರ ತಂಡ ಅವರದು, ಆದ್ದರಿಂದ ಕರೆದೊಯ್ದರು, ಆದರೆ ಹಾಗೆ ಮಾಡಬಾರದಿತ್ತು. ಮುಂದಿನ ರಾಜ್ಯೋತ್ಸವದಲ್ಲಿ ಅವಳೂ ನಮ್ಮ ಜೊತೆ ಬಾಗಿಲಲ್ಲಿ ನಿಲ್ಲುತ್ತಾಳಂತೆ. ಅಷ್ಟರೊಳಗೆ ನಿಯಮ ಬದಲಾಗಬೇಕೆಂಬುದು ನಮ್ಮ ಆಸೆ. ತಾವೇನೆನ್ನುತ್ತೀರಿ? ಮುಂದಿನ ಸರ್ವಸದಸ್ಯರ ಸಭೆಗೆ ದಯವಿಟ್ಟು ಬಂದು ಹೇಳಿ.